ಎರಡು ಮಕ್ಕಳ ಅಪ್ಪ, ಹೊಸ ಸ್ಪೈಡರ್‌ಮ್ಯಾನ್

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಈಗ ನೀವು ನೋಡುತ್ತಿರುವುದು ಭಾನುವಾರ ಬೆಳಗ್ಗೆ ಆರೂವರೆಗೆ ನಮ್ಮ ಮನೆಯ ಊಟದ ಮೇಜು. ಯಾರೂ ಎದ್ದಿರಲಿಲ್ಲ. ಅದಕ್ಕೇ ಸದ್ದು ಮಾಡದೆ ಶೂಟ್ ಮಾಡಿಕೊಂಡು ಈಗ ಮಾತು ಸೇರಿಸುತ್ತಿದ್ದೇನೆ. ಕಾಫಿ ಲೋಟದ ಪಕ್ಕ ಇರುವುದು ಎರಡು ವಾರದಿಂದ ದಾರಿ ಕಾಯುತ್ತಿದ್ದ ಪಾರ್ಸೆಲ್. ಒಂದು ಮೂಲೆ ಜಜ್ಜಿಹೋಗಿದೆ ನೋಡಿ, ಪರವಾಗಿಲ್ಲ, ಪುಟಗಳು ಚೆನ್ನಾಗಿವೆ. ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಕಾಮಿಕ್ಸ್, ಮೊದಲ ಸಂಪುಟ, ಆರು ಸಂಚಿಕೆ ಒಟ್ಟಿಗೆ. ಇಷ್ಟನ್ನೂ ಟ್ಯಾಬ್‌ನಲ್ಲಿ ಆಗಲೇ ಓದಿದ್ದೇನೆ, ಎರಡು ಸಲ. ಆದರೂ ಇದು ಕೈಯಲ್ಲಿ ಇರಬೇಕು ಅನ್ನಿಸಿತು.

ಯಾಕೆ ಅಂತ ಹೇಳುತ್ತೇನೆ.

ನನಗೆ ಈಗ 38. ಸ್ಪೈಡರ್‌ಮ್ಯಾನ್ ಮೊದಲು ಬಂದಿದ್ದು 1962ರಲ್ಲಿ, ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಕೈಯಿಂದ. ಆ ವೇಷದ ಹಿಂದಿರುವ ಪೀಟರ್ ಪಾರ್ಕರ್ ಆಗ ಹೈಸ್ಕೂಲ್ ಹುಡುಗ. ಆಮೇಲೆ ಅವನು ಬೆಳೆದ, ಕಾಲೇಜು ಮುಗಿಸಿದ, 1987ರಲ್ಲಿ ಮೇರಿ ಜೇನ್ ಜೊತೆ ಮದುವೆಯೂ ಆದ. ನಾನು ಹುಡುಗನಾಗಿದ್ದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಕಾಮಿಕ್ಸ್‌ನಲ್ಲೆಲ್ಲ ಅವರಿಬ್ಬರೂ ಗಂಡ ಹೆಂಡತಿ. ನನಗೆ ಗೊತ್ತಿದ್ದ ಸ್ಪೈಡರ್‌ಮ್ಯಾನ್ ಅವನೇ, ಬಾಡಿಗೆ ಕಟ್ಟೋಕೆ ಒದ್ದಾಡಿಕೊಂಡು ರಾತ್ರಿ ತಡವಾಗಿ ಮನೆಗೆ ಬರುವವನು, ಬಾಗಿಲಲ್ಲಿ ಕಾಯುವವಳು ಒಬ್ಬಳು ಇರುವವನು.

2007ರಲ್ಲಿ ಆ ಮದುವೆಯನ್ನೇ ಅಳಿಸಿಬಿಟ್ಟರು. ಪೀಟರ್‌ನನ್ನು ಸಾಕಿ ಬೆಳೆಸಿದ, ಗುಂಡೇಟು ತಿಂದು ಸಾಯುತ್ತಿದ್ದ ಆಂಟ್ ಮೇ ಉಳಿಯಬೇಕು ಅಂದರೆ ಮದುವೆಯನ್ನು ನನಗೆ ಕೊಡು ಅಂತ ಮೆಫಿಸ್ಟೊ ಎಂಬ ಸೈತಾನ ಕೇಳುತ್ತಾನೆ, ಇವರು ಒಪ್ಪುತ್ತಾರೆ, ಮದುವೆ ಆಗೇ ಇರಲಿಲ್ಲ ಅನ್ನುವ ಹಾಗೆ ಲೋಕವೇ ಬದಲಾಗುತ್ತದೆ. ನನಗೆ ತುಂಬಾ ಬೇಜಾರಾಗಿತ್ತು. ಅಷ್ಟು ವರ್ಷ ಜೊತೆಗಿದ್ದವರನ್ನು ಹಾಗೆ ದೂರ ಮಾಡುತ್ತಾರಾ? ಆಮೇಲೆ ರೀಬೂಟ್ ಅನ್ನುವ ಮಾತು ಕೇಳಿದರೇ ಭಯ. ರೀಬೂಟ್ ಅಂದರೆ ಕಥೆಯನ್ನು ಮೊದಲಿಂದ ಶುರು ಮಾಡಿ ಮತ್ತೆ ಪೀಟರ್‌ನನ್ನು ಸ್ಕೂಲಿಗೆ ಸೇರಿಸುವುದು, ಅಷ್ಟೇ ಅಲ್ವಾ? ಇದೇ ಹೆಸರಿನ 2000ದ ಸರಣಿ ಮಾಡಿದ್ದೂ ಅದನ್ನೇ. ಅದು ಒಳ್ಳೆಯ ಸರಣಿ, ಇಲ್ಲ ಅನ್ನಲ್ಲ. ಆದರೆ ನಾನು ಬೆಳೆಯುತ್ತಾ ಹೋದೆ, ಅವನು ಮಾತ್ರ ಹದಿನೈದರಲ್ಲೇ ನಿಂತ.

2024ರ ಜನವರಿಯಲ್ಲಿ ಬಂದ ಈ ಸರಣಿ ಬೇರೆ. ಕಥೆ ಜೊನಾಥನ್ ಹಿಕ್‌ಮನ್, ಚಿತ್ರ ಮಾರ್ಕೊ ಕೆಕ್ಕೆಟ್ಟೊ. ಇಲ್ಲಿ ಮೇಕರ್ ಎಂಬ ಖಳ ಸೂಪರ್‌ಹೀರೋಗಳು ಹುಟ್ಟುವ ಮೊದಲೇ ತಡೆದುಬಿಟ್ಟಿದ್ದಾನೆ. ಪೀಟರ್‌ನನ್ನು ಕಚ್ಚಿ ಸ್ಪೈಡರ್‌ಮ್ಯಾನ್ ಮಾಡಬೇಕಿದ್ದ ಜೇಡ ಕಚ್ಚಲೇ ಇಲ್ಲ. ಅವನು ಎಲ್ಲರ ಹಾಗೆ ಬೆಳೆದ, ಕೆಲಸಕ್ಕೆ ಸೇರಿದ, ಮೇರಿ ಜೇನ್‌ಳನ್ನು ಮದುವೆಯಾದ, ಎರಡು ಮಕ್ಕಳು. ಮುಖದ ಮೇಲೆ ಗಡ್ಡ. ಏನೂ ಕಡಿಮೆ ಇಲ್ಲ, ಆದರೂ ಏನೋ ಒಂದು ತಪ್ಪಿಹೋಯಿತು ಅನ್ನುವ ಕೊರಗು ಮಾತ್ರ ಬಿಡುವುದಿಲ್ಲ. ಮೂವತ್ತು ದಾಟಿದ ಯಾರಿಗೆ ಇದು ಗೊತ್ತಿಲ್ಲ ಹೇಳಿ?

ಆಗ ಟೋನಿ ಸ್ಟಾರ್ಕ್, ಬೇರೆ ಕಥೆಗಳಲ್ಲಿ ಐರನ್ ಮ್ಯಾನ್ ಆಗುವವನು, ಆ ಜೇಡವನ್ನು ಅವನಿಗೆ ತಲುಪಿಸುತ್ತಾನೆ. ಬೇಕಾದರೆ ತಗೋ, ಬೇಡವಾದರೆ ಬಿಡು. ಹಿಂದೆ ಆಕಸ್ಮಿಕವಾಗಿ ಆಗಿದ್ದನ್ನು ಇವನು ತಾನಾಗಿ ಆರಿಸಿಕೊಳ್ಳಬೇಕು, ಹೆಂಡತಿ ಮಕ್ಕಳು ಇದ್ದುಕೊಂಡು. ಹುಡುಗನಿಗೆ ಕಳೆದುಕೊಳ್ಳೋಕೆ ಅಷ್ಟೇನೂ ಇರುವುದಿಲ್ಲ, ಇವನಿಗೆ ಎಲ್ಲವೂ ಇದೆ. ಅದಕ್ಕೇ ಮೊದಲ ಸಂಚಿಕೆಯ ಕೊನೆಯ ಪುಟಗಳು ಬಂದಾಗ ನನ್ನ ಎದೆ ಹೊಡೆದುಕೊಂಡಿತು.

ನಾಲ್ಕನೇ ಸಂಚಿಕೆ ತೋರಿಸುತ್ತೇನೆ, ಇರಿ. ಇದು ಡೇವಿಡ್ ಮೆಸ್ಸಿನಾ ಬರೆದ ಚಿತ್ರ. ಪೀಟರ್, ಮೇರಿ ಜೇನ್, ಹ್ಯಾರಿ ಆಸ್ಬಾರ್ನ್, ಅವನ ಹೆಂಡತಿ ಗ್ವೆನ್ ನಾಲ್ಕು ಜನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾರೆ. ಹಾರುವುದಿಲ್ಲ, ಹೊಡೆಯುವುದಿಲ್ಲ, ಬರೀ ಮಾತು. ಈ ಮುಖಗಳನ್ನು ನೋಡಿ. ಒಬ್ಬರು ಮಾತಾಡುವಾಗ ಉಳಿದ ಮೂವರ ಕಣ್ಣು ಎಲ್ಲಿದೆ, ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಸೂಪರ್‌ಹೀರೋ ಪುಸ್ತಕದಲ್ಲಿ ಹೀಗೆ ಸುಮ್ನೆ ಊಟದ ಮೇಜಿನ ಸುತ್ತ ಕೂತುಕೊಳ್ಳುವ ಧೈರ್ಯ ಬೇಕು, ನಾನಂತೂ ಒಂದು ಪ್ಯಾನೆಲ್ ಕೂಡ ಹಾರಿಸಲಿಲ್ಲ. ಇನ್ನೊಂದು ವಿಷಯ, ಇಲ್ಲಿ ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಅವರಿಗೂ ಒಂದು ತಿಂಗಳು ಕಳೆದಿರುತ್ತದೆ. ನಮಗೆ ವಯಸ್ಸಾದಂತೆ ಅವರಿಗೂ ಆಗುತ್ತದೆ.

ಇದು ವೇಷದ ಬಣ್ಣದ ಪುಟ. ಮೊದಲು ಪೂರ್ತಿ ಕಪ್ಪು. ಪುಟ್ಟ ಮಗಳು ನೋಡಿಬಿಡುತ್ತಾಳೆ, ಕಪ್ಪು ಅಂದರೆ ಅವಳಿಗೆ ಭಯ. ಅವಳಿಗೋಸ್ಕರವೇ ಅದು ಕೆಂಪು ನೀಲಿ ಆಗುತ್ತದೆ. ಅರವತ್ತು ವರ್ಷದಿಂದ ನೋಡುತ್ತಿರುವ ಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಾನು ಓದಿಲ್ಲ.

ಈ ಪುಟ ಶೂಟ್ ಮಾಡುವಾಗಲೇ ನನ್ನ ಮಗಳು ಎದ್ದು ಬಂದು ತೊಡೆ ಮೇಲೆ ಕೂತಳು. ಮೊದಲಿಂದ ಓದು ಅಂದಳು. ಕನ್ನಡದಲ್ಲಿ ಹೇಳುತ್ತಾ ಹೋದೆ. ಅಂಕಲ್ ಬೆನ್ ಬಂದಾಗ ನಿಂತೆ. ಬರೀ ಅಂಕಲ್ ಅಂದರೆ ಪಕ್ಕದ ಮನೆಯವರು ಆಗಿಬಿಡುತ್ತಾರೆ. ಬೆನ್ ಪೀಟರ್‌ನ ಅಪ್ಪನ ಅಣ್ಣ ಅಲ್ವಾ, ಹಾಗಾದರೆ ದೊಡ್ಡಪ್ಪ. ಹಾಗೇ ಓದಿದೆ. ಎಷ್ಟು ಚೆನ್ನಾಗಿ ಕೂತಿತು! ಈ ಲೋಕದಲ್ಲಿ ದೊಡ್ಡಪ್ಪ ಬದುಕಿದ್ದಾರೆ. ವಿಲ್ಸನ್ ಫಿಸ್ಕ್ ಎಂಬ ಖಳ ಕೊಂಡುಕೊಂಡ ಡೈಲಿ ಬ್ಯೂಗಲ್ ಪತ್ರಿಕೆ ಬಿಟ್ಟು, ಗೆಳೆಯ ಜೋನಾ ಜೇಮ್ಸನ್ ಜೊತೆ ಸ್ವಂತ ಪತ್ರಿಕೆ ಶುರು ಮಾಡುತ್ತಾರೆ, ಆ ವಯಸ್ಸಿನಲ್ಲಿ.

"ದೊಡ್ಡಮ್ಮ ಎಲ್ಲಿ?" ಅಂದಳು.

ದೊಡ್ಡಮ್ಮ ಮೇ ಇಲ್ಲಿಲ್ಲ. ನ್ಯೂಯಾರ್ಕ್ ಮೇಲೆ ಆದ ದಾಳಿಯಲ್ಲಿ ತೀರಿಕೊಂಡಿದ್ದಾರೆ. ಆಗ ನನಗೇ ಹೊಳೆಯಿತು, 2007ರಲ್ಲಿ ದೊಡ್ಡಮ್ಮನನ್ನು ಉಳಿಸೋಕೆ ಮದುವೆ ಹೋಯಿತು, ಇಲ್ಲಿ ಮದುವೆ ಉಳಿದಿದೆ, ದೊಡ್ಡಮ್ಮ ಇಲ್ಲ. ಎರಡು ಸಲ ಓದಿದಾಗಲೂ ಇದು ಗಮನಕ್ಕೆ ಬಂದಿರಲಿಲ್ಲ.

"ಇಲ್ಲಮ್ಮ, ಅವರು ಹೋಗಿಬಿಟ್ಟಿದ್ದಾರೆ" ಅಂದೆ. "ಇಲ್ಲಿ ನೋಡು, ಈ ಪಾಪು ಹೆಸರೂ ಮೇ ಅಂತ."

ಅವಳು ಆ ಚಿತ್ರದ ಮೇಲೆ ಬೆರಳಿಟ್ಟಳು. "ನನಗೆ ಅಜ್ಜಿ ಹೆಸರಿಟ್ಟ ಹಾಗಾ?"

ಹೌದು ಅಂದೆ. ಮುಂದಿನ ಪುಟ ಅವಳೇ ತಿರುಗಿಸಿದಳು.