ಮೆಂಡೆಜ್ ಮನೆಯವರ ಶಾಲೆ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಊರುಗಳ ಶಾಲೆಯ ಗೋಡೆಯಲ್ಲಿ ಒಂದು ಕಲ್ಲು ಇರುತ್ತದೆ, ನೋಡಿದ್ದೀರಿ. ಇಂಥವರ ಸ್ಮರಣಾರ್ಥ ಅವರ ಮಕ್ಕಳು ಕಟ್ಟಿಸಿಕೊಟ್ಟ ಕೊಠಡಿ ಎಂದು ಅದರಲ್ಲಿ ಕೆತ್ತಿರುತ್ತದೆ. ಹಾಗಾಗಿ ಶಾಲೆಗೆ ಒಂದು ಮನೆತನದ ಹೆಸರಿದ್ದರೆ ನಾವು ದಾನಿಗಳೆಂದೇ ತಿಳಿಯುತ್ತೇವೆ. ಕ್ಯಾಲಿಫೋರ್ನಿಯಾದ ಮೆಂಡೆಜ್ ಮನೆಯವರು ಕೊಟ್ಟು ಹೆಸರಾದವರಲ್ಲ, ಕೇಳಿ ಹೆಸರಾದವರು.

ಅಮೆರಿಕದ ಕಥೆ ನಮಗೇಕೆ ಎನ್ನುವವರು ಸ್ವಲ್ಪ ತಾಳಿ.

ಎರಡನೇ ಮಹಾಯುದ್ಧದ ಕಾಲ. ಜಪಾನಿ ಮೂಲದ ಮುನೆಮಿತ್ಸು ಕುಟುಂಬವನ್ನು ಸರ್ಕಾರ ಅರಿಜೋನಾದ ಶಿಬಿರಕ್ಕೆ ಅಟ್ಟಿತ್ತು. ವೆಸ್ಟ್‌ಮಿನ್‌ಸ್ಟರ್ ಊರಿನ ಅವರ ಹೊಲವನ್ನು ಗೊನ್ಸಾಲೊ ಮೆಂಡೆಜ್ ಗುತ್ತಿಗೆಗೆ ಹಿಡಿದರು. ಗೊನ್ಸಾಲೊ ಮೆಕ್ಸಿಕೊದವರು, ಹೆಂಡತಿ ಫೆಲಿಸಿಟಾಸ್ ಪೋರ್ಟೊ ರಿಕೊದವರು. ಮಕ್ಕಳನ್ನು ಊರಿನ ಬಿಳಿಯರ ಶಾಲೆಗೆ ಸೇರಿಸಲು ಹೋದವರು ಸೋದರತ್ತೆ ಸೊಲೆದಾದ್. ತನ್ನ ಮಕ್ಕಳನ್ನೂ ಸೋದರನ ಮಕ್ಕಳನ್ನೂ ಒಟ್ಟಿಗೇ ಕರೆದುಕೊಂಡು ಹೋದರು. ಅತ್ತೆಯ ಮಕ್ಕಳದು ಬಿಳಿಚು ಬಣ್ಣ, ವಿದೌರಿ ಎಂಬ ಫ್ರೆಂಚ್ ಹೆಸರಿನಂತೆ ಕೇಳುವ ಕುಲನಾಮ. ಬನ್ನಿ ಎಂದರು. ಗೊನ್ಸಾಲೊ ಮಗಳು ಸಿಲ್ವಿಯಾ ಮತ್ತು ಅವಳ ತಮ್ಮಂದಿರದು ಕಂದು ಬಣ್ಣ, ಹೆಸರು ಮೆಂಡೆಜ್. ನೀವು ಮೆಕ್ಸಿಕನ್ ಮಕ್ಕಳ ಹೂವರ್ ಶಾಲೆಗೆ ಹೋಗಿ ಎಂದರು. ಒಂದೇ ಬಾಗಿಲು, ಒಂದೇ ಬೆಳಗು, ಒಂದೇ ರಕ್ತದ ಮಕ್ಕಳು! ಅತ್ತೆ ಏನು ಮಾಡಿದರು ಗೊತ್ತೇ? ತನ್ನ ಮಕ್ಕಳನ್ನೂ ಅಲ್ಲಿ ಬಿಡಲಿಲ್ಲ. ಅಷ್ಟೂ ಮಂದಿಯನ್ನು ಮನೆಗೆ ವಾಪಸು ಕರೆತಂದರು. ಹೂವರ್ ಶಾಲೆಯೋ, ಎರಡು ಕೋಣೆಯದು. ಪಕ್ಕದಲ್ಲೇ ದನಗಳ ಹೊಲ, ವಿದ್ಯುತ್ ಬೇಲಿ, ನೊಣಗಳ ಕಾಟ.

ಈ ಅತ್ತೆಯ ಬಗ್ಗೆ ಮಾತಿಗೆ ಕುಳಿತರೆ ನನಗೆ ಗಡಿಯಾರ ಕಾಣುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊಲದ ಆದಾಯವನ್ನು ಸುರಿದು ಗೊನ್ಸಾಲೊ ವಕೀಲ ಡೇವಿಡ್ ಮಾರ್ಕಸ್ ಅವರನ್ನು ಹಿಡಿದರು. ಇನ್ನೂ ನಾಲ್ಕು ಕುಟುಂಬಗಳು ಜೊತೆಗೂಡಿದವು. 1945ರಲ್ಲಿ ಸುಮಾರು 5,000 ಮಕ್ಕಳ ಪರವಾಗಿ, ಪ್ರತ್ಯೇಕ ಶಾಲೆ ಬೇಡವೆಂದು ಮೊಕದ್ದಮೆ ಹೂಡಿದರು. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಅದೇ ವರ್ಷ ರಾಜ್ಯಪಾಲ ಅರ್ಲ್ ವಾರೆನ್ ಪ್ರತ್ಯೇಕ ಶಾಲೆಗಳ ಕಾನೂನು ರದ್ದುಮಾಡುವ ಮಸೂದೆಗೆ ಸಹಿ ಹಾಕಿದರು. 1954ರಲ್ಲಿ ಇಡೀ ದೇಶಕ್ಕೆ ಅಂಥದೇ ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಇದೇ ವಾರೆನ್.

ಈಗ ಸಾಂತಾ ಅನಾದ ಮಾಧ್ಯಮಿಕ ಶಾಲೆಯೊಂದಕ್ಕೆ ಗೊನ್ಸಾಲೊ, ಫೆಲಿಸಿಟಾಸ್ ದಂಪತಿಯ ಹೆಸರಿದೆ. ಬರ್ಕ್ಲಿಯ ಪ್ರಾಥಮಿಕ ಶಾಲೆಯೊಂದಕ್ಕೆ ಮಗಳು ಸಿಲ್ವಿಯಾಳ ಹೆಸರಿದೆ. ಮತ್ತೆ ಹೇಳುತ್ತೇನೆ, ಕೊಟ್ಟದ್ದಕ್ಕಲ್ಲ, ಕೇಳಿದ್ದಕ್ಕೆ. ಸೊಲೆದಾದ್ ಅತ್ತೆಯ ಹೆಸರನ್ನೂ ಜೊತೆಗೆ ಬರೆಯಬೇಕಿತ್ತು ಎಂದು ನನ್ನ ತಕರಾರು.

ಸಿಲ್ವಿಯಾಗೆ 2011ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. ಆದರೆ ಅಪ್ಪ ಕೋರ್ಟಿಗೆ ಓಡಾಡುತ್ತಿದ್ದಾಗ, ಎಲ್ಲವೂ ಆ ಬಿಳಿಯರ ಶಾಲೆಯ ಚೆಂದದ ಆಟದ ಬಯಲಿಗಾಗಿ ಎಂದೇ ಆ ಹುಡುಗಿ ತಿಳಿದಿದ್ದಳಂತೆ.