ಚಿಕ್ಕಮ್ಮನ ಷೇರಿನ ನಂಬರು

ಕೇಳುಗರಿಗೆ ನಮಸ್ಕಾರ.

ಉಡುಪಿಯ ನನ್ನ ಚಿಕ್ಕಮ್ಮನ ಹತ್ತಿರ ಸಿಂಡಿಕೇಟ್ ಬ್ಯಾಂಕಿನ 1000 ಷೇರು ಇತ್ತು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅವರಿಗೆ ಕೆನರಾದ 158 ಷೇರು ಬಂತು. 2024ರ ಮೇ ತಿಂಗಳಲ್ಲಿ ಅದು 790 ಆಯಿತು. ಖುಷಿಪಡುವುದು ಬಿಟ್ಟು ಚಿಕ್ಕಮ್ಮ ಹೆದರಿ ಫೋನ್ ಮಾಡಿದರು. "ಷೇರಿನ ನಂಬರೇ ಬದಲಾಗಿದೆ ಮಾರಾಯ, ಯಾರಾದರೂ ಮೋಸ ಮಾಡಿದರಾ?"

ಅವರು ನೋಡಿದ್ದು ಐಸಿನ್ ನಂಬರು. ಷೇರು, ಬಾಂಡು, ಮ್ಯೂಚುವಲ್ ಫಂಡು ಎಲ್ಲಕ್ಕೂ ಇರುವ 12 ಅಕ್ಷರ-ಅಂಕಿಗಳ ಗುರುತು ಅದು. ಕೆನರಾ ಷೇರಿಗೆ ಬಿಎಸ್‌ಇ ಷೇರುಪೇಟೆಯಲ್ಲಿ 532483 ಅಂತಾರೆ, ಎನ್‌ಎಸ್‌ಇ ಷೇರುಪೇಟೆಯಲ್ಲಿ ಬೇರೆ ಹೆಸರು. ಐಸಿನ್ ಮಾತ್ರ ಎರಡೂ ಕಡೆ ಒಂದೇ.

"ಎರಡು ತಿಂಗಳ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟು ನಿಧಾನಕ್ಕೆ ಓದಿ" ಅಂದೆ. ಹಳೆಯದು ಐಎನ್ಇ 476ಎ 01 01 4. ಹೊಸದು ಐಎನ್ಇ 476ಎ 01 02 2. ಐಎನ್ ಅಂದರೆ ಭಾರತ. ಇ ಅಂದರೆ ಕಂಪನಿ. 476ಎ ಅಂದರೆ ಕೆನರಾ ಬ್ಯಾಂಕು. ಮೊದಲ 01 ಅಂದರೆ ಈಕ್ವಿಟಿ ಷೇರು. ಇಷ್ಟೂ ಹಾಗೇ ಇದೆ. ಬದಲಾದದ್ದು ಆಮೇಲಿನ ಕ್ರಮಸಂಖ್ಯೆ. 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಮಾಡಿದ್ದರು. ಮುಖಬೆಲೆ ಬದಲಾದರೆ ಹಳೇ ನಂಬರು ನಡೆಯುವುದಿಲ್ಲ.

ಮೊದಲ ಎರಡು ಅಕ್ಷರ ಕೂಡ ಸುಮ್ನೆ ಅಲ್ಲ. ಇನ್ಫೋಸಿಸ್ ಷೇರಿನದ್ದು ಐಎನ್ ಅಂತ ಶುರುವಾದರೆ, ನ್ಯೂಯಾರ್ಕಿನಲ್ಲಿ ಮಾರಾಟವಾಗುವ ಅದರ ಎಡಿಆರ್‌ನದ್ದು, ಅಂದರೆ ಅಲ್ಲಿ ಆ ಷೇರಿನ ಬದಲಿಗೆ ಮಾರುವ ಪತ್ರದ್ದು, ಯುಎಸ್.

ನನಗೆ ಜಾಸ್ತಿ ಇಷ್ಟ ಕೊನೆಯ ಅಂಕಿ. ತಪ್ಪು ಹಿಡಿಯಲೆಂದೇ ಅದನ್ನು ಇಟ್ಟಿದ್ದಾರೆ. ಅದನ್ನು ಬದಿಗಿಟ್ಟು, ಎ ಅಂದರೆ 10, ಬಿ ಅಂದರೆ 11, ಹೀಗೆ ಅಕ್ಷರಗಳನ್ನು ಅಂಕಿ ಮಾಡಿಕೊಳ್ಳಿ. ಬಲಗಡೆಯ ಅಂಕಿಯಿಂದ ಶುರುಮಾಡಿ ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಿ. 12 ಬಂದರೆ 1 ಮತ್ತು 2 ಕೂಡಿಸಿ 3 ಅನ್ನಿ. ಎಲ್ಲವನ್ನೂ ಕೂಡಿಸಿದರೆ ಕೆನರಾದ ಹೊಸ ನಂಬರಿಗೆ 48 ಬರುತ್ತದೆ. ಮುಂದಿನ ಹತ್ತರ ಗುಣಕ 50 ಆಗಲು 2 ಬೇಕು. ಅದೇ ಕೊನೆಯ 2. ಷೇರು ವರ್ಗಾವಣೆಯ ಚೀಟಿಯಲ್ಲಿ ಕೈತಪ್ಪಿ ಒಂದು ಅಂಕಿ ಬೇರೆ ಬರೆದರೂ ಈ ಲೆಕ್ಕ ಕೂಡುವುದಿಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಸಂಜೆ ಚಿಕ್ಕಮ್ಮನ ಫೋನು ಮತ್ತೆ ಬಂತು. ಕ್ಯಾಲೆಂಡರಿನ ಹಿಂದುಗಡೆ ಲೆಕ್ಕ ಹಾಕಿದ್ದರಂತೆ. "ಕರ್ಣಾಟಕ ಬ್ಯಾಂಕಿನದ್ದೂ ಮಾಡಿದೆ. ಐಎನ್ಇ 614ಬಿ 01 01. ಒಟ್ಟು 42 ಬಂತು. ಕೊನೆಗೆ 8 ಉಂಟು. ಸರಿ ಉಂಟಲ್ವಾ?"