ಹನ್ನೊಂದು ತಿಂಗಳ ಫೀಡ್ ಎಲ್ಲಿಂದ ತರ್ತೀರ? ಹಂದಿ ಸಾಕಣೆ, ಮಾಂಸದ ಯೂನಿಟ್, ಸಾಲದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕೂಡಿಗೆ, ಸೋಮವಾರಪೇಟೆ, ಪಿರಿಯಾಪಟ್ಟಣ, ಅರಕಲಗೂಡು ಕಡೆಯಿಂದೆಲ್ಲ ಕೆಲಸ ಬಿಟ್ಟು ಬಂದಿದೀರ, ಬೆಳಗಿನ ಫೀಡ್ ಹಾಕಿ ಶೆಡ್ ತೊಳೆದು ಬರೋದು ಎಷ್ಟು ಕಷ್ಟ ಅಂತ ನಂಗೊತ್ತು. ನಾನು ಬ್ಯಾಂಕಲ್ಲಿ ಕೃಷಿ ಸಾಲದ ಟೇಬಲ್ ಹಿಂದೆ ಇಪ್ಪತ್ತಾರು ವರ್ಷ ಕೂತೋನು, ಹಂದಿ ಸಾಕೋದು ಹೇಗೆ ಅಂತ ನಿಮಗೆ ಹೇಳೋಕೆ ಬಂದಿಲ್ಲ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದುಡ್ಡು ಎಲ್ಲಿಂದ ಬರುತ್ತೆ, ಯಾವಾಗ ಬರುತ್ತೆ, ಎಲ್ಲಿ ಕೈ ಕೊಡುತ್ತೆ, ಅದಷ್ಟೇ ಮಾತಾಡ್ತೀನಿ.

ಮೊದಲಿಗೆ ಒಂದು ಕೇಸ್ ಹೇಳ್ತೀನಿ, ಸಾಲ ಕೊಡಬಹುದಾ ಅಂತ ನಾನೇ ಅಪ್ರೈಸಲ್ ಮಾಡಿದ್ದು, ಇವತ್ತಿಗೂ ಮನಸ್ಸಲ್ಲಿ ಕೂತಿದೆ. ಗಂಡ ಹೆಂಡತಿ ಇಬ್ಬರೂ ಸೇರಿ ಇಪ್ಪತ್ತು ಹೆಣ್ಣು ಹಂದಿ ಹಾಕಿದ್ರು, ಶೆಡ್ ಅಂದ್ರೆ ಶೆಡ್, ನೆಲ ಇಳಿಜಾರಾಗಿ ಕಾಂಕ್ರೀಟು, ಮರಿ ಮೇಲೆ ತಾಯಿ ಮಲಗದ ಹಾಗೆ ಪೈಪ್ ಗಾರ್ಡ್, ಎಲ್ಲಾ ಅಚ್ಚುಕಟ್ಟು. ನಾವು ಸಾಲ ಕೊಟ್ವಿ, ಆರು ತಿಂಗಳು ಕಂತಿಲ್ಲ, ಏಳನೇ ತಿಂಗಳಿಂದ ಕಂತು ಅಂತ ಬರೆದ್ವಿ. ಯಾಕೆ ಆರು ತಿಂಗಳು? ಹೈನುಗಾರಿಕೆ ಸಾಲದ ಫಾರ್ಮ್ಯಾಟ್ ಇತ್ತು, ಅದನ್ನೇ ಇದಕ್ಕೂ ಹಾಕಿದ್ವಿ, ಅಷ್ಟೇ. ಹಸು ತಂದ್ರೆ ಮರುದಿನದಿಂದ ಡೈರಿಗೆ ಹಾಲು ಹೋಗುತ್ತೆ ಕಣ್ರೀ, ಹಂದಿ ಹಾಗಲ್ಲ. ಕಂತು ಶುರುವಾದಾಗ ಅವರ ಶೆಡ್ಡಲ್ಲಿ ಮೂರು ತಿಂಗಳ ಮರಿಗಳು ಓಡಾಡ್ತಿದ್ವು, ಮಾರೋಕೆ ಒಂದೂ ಇಲ್ಲ, ಫೀಡ್ ಅಂಗಡಿಯವನು ಉದ್ರಿ ನಿಲ್ಲಿಸಿದ. ವ್ಯಾಪಾರಿ ಬಂದ, ಮೂವತ್ತೈದು ನಲವತ್ತು ಕೆಜಿ ಇದ್ದ ಮರಿಗಳನ್ನ ತೂಕಾನೂ ಹಾಕದೆ ಕಣ್ಣಂದಾಜಲ್ಲಿ ರೇಟ್ ಕಟ್ಟಿ ಒಂದೇ ಗಾಡೀಲಿ ತುಂಬ್ಕೊಂಡು ಹೋದ. ನಾನು ಇನ್ಸ್‌ಪೆಕ್ಷನ್‌ಗೆ ಹೋದಾಗ ಆ ಅಮ್ಮ ಒಂದು ನೋಟ್‌ಬುಕ್ ತಂದು ತೋರಿಸಿದ್ರು, ಮಕ್ಕಳ ಹಳೇ ಗಣಿತದ ನೋಟ್‌ಬುಕ್ಕು, ಅದರ ಖಾಲಿ ಹಾಳೆಗಳಲ್ಲಿ ಯಾವ ಹಂದಿಗೆ ಯಾವತ್ತು ಕ್ರಾಸಿಂಗ್, ಅಂದ್ರೆ ಗಂಡಿನ ಜೊತೆ ಕೂಡಿಸಿದ್ದು, ಯಾವತ್ತು ಮರಿ ಹಾಕೋ ತಾರೀಖು, ಎಷ್ಟು ಹಾಕ್ತು, ಎಷ್ಟು ಉಳೀತು, ಎಲ್ಲಾ ಬರೆದಿಟ್ಟಿದ್ರು. ಸಾಲ ಕೊಡೋ ಮುಂಚೆ ಆ ಲೆಕ್ಕ ನಾನು ಕೇಳಿದ್ರೆ ಕಂತು ಯಾವ ತಿಂಗಳಿಂದ ಶುರು ಮಾಡ್ಬೇಕು ಅಂತ ಅಲ್ಲೇ ಉತ್ತರ ಸಿಕ್ಕಿರೋದು. ಕೇಳಲಿಲ್ಲ, ತಪ್ಪು ನಮ್ಮದು.

ಅದಕ್ಕೆ ಹೇಳ್ತಿರೋದು, ಈ ಕೆಲಸದಲ್ಲಿ ಸಾಲ ಹಂದಿಯ ಕಾಲಕ್ಕೆ ಹೊಂದ್ಕೋಬೇಕು. ಹಂದಿ ಗಬ್ಬ 114 ದಿನ, ಮೂರು ತಿಂಗಳು ಮೂರು ವಾರ ಮೂರು ದಿನ ಅಂತ ನೀವೇ ಹೇಳ್ತೀರಲ್ಲ. ಹುಟ್ಟಿದ ಮರಿ 90 ಕೆಜಿ ಬರೋಕೆ ಏಳೆಂಟು ತಿಂಗಳು. ಅಂದ್ರೆ ಕ್ರಾಸಿಂಗಿಗೆ ರೆಡಿ ಇರೋ ಹೆಣ್ಣು ಹಂದಿ ತಂದು ಮೊದಲನೇ ತಿಂಗಳೇ ಗಬ್ಬ ನಿಂತ್ರೂ ಮೊದಲ ರೂಪಾಯಿ ಕೈಗೆ ಬರೋಕೆ ಹನ್ನೊಂದು ತಿಂಗಳು, ಇನ್ನು ಮೂರು ತಿಂಗಳ ಮರಿ ತಂದು ಬೆಳೆಸ್ತೀನಿ ಅಂದ್ರೆ ಮೇಲೆ ಇನ್ನೊಂದು ಐದು ತಿಂಗಳು ಸೇರಿಸ್ಕೊಳಿ.

ಈಗ ಸರ್ಕಾರದ ಸ್ಕೀಮಿಗೆ ಬರೋಣ. ರಾಷ್ಟ್ರೀಯ ಜಾನುವಾರು ಮಿಷನ್, ನೀವೆಲ್ಲ ಎನ್‌ಎಲ್‌ಎಂ ಅಂತೀರಲ್ಲ, ಅದನ್ನ 2021-22ರಲ್ಲಿ ಹೊಸದಾಗಿ ಮಾಡಿದ್ರು. 50 ಹೆಣ್ಣು 5 ಗಂಡು ಇದ್ರೆ 15 ಲಕ್ಷದವರೆಗೆ, 100 ಹೆಣ್ಣು 10 ಗಂಡು ಇದ್ರೆ 30 ಲಕ್ಷದವರೆಗೆ, ಬಂಡವಾಳದ ಖರ್ಚಿನ ಅರ್ಧ ಸಬ್ಸಿಡಿ. ಉದ್ಯಮಿಮಿತ್ರ ಪೋರ್ಟಲ್‌ನಲ್ಲಿ ಅರ್ಜಿ, ದುಡ್ಡು ಸಿಡ್ಬಿ, ಅಂದ್ರೆ ಸಣ್ಣ ಕೈಗಾರಿಕೆಗಳ ಬ್ಯಾಂಕ್, ಅದರ ಮೂಲಕ ಎರಡು ಕಂತಲ್ಲಿ, ಎರಡನೇ ಕಂತು ಪ್ರಾಜೆಕ್ಟ್ ಪೂರ್ತಿ ಆಗಿ ಇಲಾಖೆಯವರು ಬಂದು ನೋಡಿ ವರದಿ ಕೊಟ್ಟ ಮೇಲೆ. ಒಳ್ಳೇ ಸ್ಕೀಮು, ಬೇಡ ಅನ್ನಲ್ಲ. ಆದ್ರೆ ಅದರಲ್ಲೇ ಸ್ಪಷ್ಟವಾಗಿ ಇದೆ, ಜಾಗ ಕೊಳ್ಳೋಕೆ ಕೊಡಲ್ಲ, ಬಾಡಿಗೆಗೆ ಕೊಡಲ್ಲ, ದಿನದ ಖರ್ಚಿಗೆ ಕೊಡಲ್ಲ. ದಿನದ ಖರ್ಚು ಅಂದ್ರೆ ಫೀಡು. ಈ ಕಸುಬಲ್ಲಿ ನೂರು ರೂಪಾಯಿ ಖರ್ಚಾದ್ರೆ ಅದರಲ್ಲಿ ಎಪ್ಪತ್ತು ರೂಪಾಯಿ ಫೀಡಿಗೇ ಹೋಗೋದು, ಅದೇ ಸ್ಕೀಮಿನ ಹೊರಗಿದೆ.

ಒಂದು ಲೆಕ್ಕ ಹಾಕೋಣ, ಪೆನ್ ಇರೋರು ಬರ್ಕೊಳಿ, ರೇಟು ನಾನು ಉದಾಹರಣೆಗೆ ಹಿಡಿದಿರೋದು, ನಿಮ್ಮೂರಿನ ರೇಟ್ ಹಾಕ್ಕೊಂಡು ತಿದ್ದಿಕೊಳ್ಳಿ. 50 ಹೆಣ್ಣು 5 ಗಂಡು, ಒಂದಕ್ಕೆ ದಿನಕ್ಕೆ ಸರಾಸರಿ 3 ಕೆಜಿ, ಮರಿಗೆ ಹಾಲು ಕೊಡೋವಾಗ ಇನ್ನೂ ಜಾಸ್ತಿ ತಿನ್ನುತ್ತೆ. ತಿಂಗಳಿಗೆ ಹತ್ರ ಹತ್ರ 5 ಟನ್. ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ಮಿನರಲ್ ಎಲ್ಲಾ ಸೇರಿ ಕೆಜಿಗೆ 30 ರೂಪಾಯಿ ಹಿಡಿದ್ರೆ ತಿಂಗಳಿಗೆ ಒಂದೂವರೆ ಲಕ್ಷ. ಹನ್ನೊಂದು ತಿಂಗಳಿಗೆ ಹದಿನಾರೂವರೆ ಲಕ್ಷ. ಇದು ಬರೀ ತಾಯಿ ತಂದೆ ಹೊಟ್ಟೆಗೆ. ಇನ್ನು ಮರಿಗಳು, ಒಂದು ಸೂಲಿಗೆ ಉಳಿಯೋದು ಎಂಟು ಅಂತಿಟ್ಕೊಂಡ್ರೆ 400 ಮರಿ, ಒಂದೊಂದು 90 ಕೆಜಿ ಆಗೋಕೆ ಸುಮಾರು 250 ಕೆಜಿ ತಿನ್ನುತ್ತೆ, ಅಂದ್ರೆ ಏಳೂವರೆ ಸಾವಿರ, 400ಕ್ಕೆ 30 ಲಕ್ಷ. ಎಲ್ಲದಕ್ಕೂ ಒಟ್ಟಿಗೆ ಕ್ರಾಸಿಂಗ್ ಮಾಡಿಸದೆ ಬ್ಯಾಚ್ ಬ್ಯಾಚಾಗಿ ಮಾಡಿಸಿದ್ರೆ ಭಾರ ಇಳಿಯುತ್ತೆ, ಆದ್ರೂ ಮೊದಲ ಗಾಡಿ ಲೋಡ್ ಆಗೋ ಹೊತ್ತಿಗೆ 25-30 ಲಕ್ಷ ಬೂಸಾ ಚೀಲಗಳಲ್ಲೇ ಹೋಗಿರುತ್ತೆ. ಸಬ್ಸಿಡಿ 15 ಲಕ್ಷ, ಅದೂ ಬಂಡವಾಳದ ಖರ್ಚಿಗೆ. ಕಿಸಾನ್ ಕ್ರೆಡಿಟ್ ಕಾರ್ಡ್ ಪಶುಸಂಗೋಪನೆಗೂ ಕೊಡ್ತಾರೆ, ಸರಿಯಾಗಿ ಕಟ್ಟಿದ್ರೆ 4 ಪರ್ಸೆಂಟ್ ಬಡ್ಡಿ ಬೀಳುತ್ತೆ, ಆದ್ರೆ ಆ ಬಡ್ಡಿ ರಿಯಾಯಿತಿ 2 ಲಕ್ಷದವರೆಗೆ ಮಾತ್ರ, ಈ ಫಾರ್ಮಿಗೆ ಅದು ಒಂದೂವರೆ ತಿಂಗಳಿಗೂ ಬರಲ್ಲ.

ಹಾಗಾಗಿ ಪ್ರಾಜೆಕ್ಟ್ ರಿಪೋರ್ಟ್ ಬರೆಸೋವಾಗ್ಲೇ ಫೀಡಿಗೆ ಬೇರೆ ಸಿಸಿ ಲಿಮಿಟ್ ಕೇಳಿ, ಅಂದ್ರೆ ಬೇಕಾದಾಗ ತೆಗೆದು ಬಂದಾಗ ಕಟ್ಟೋ ಕ್ಯಾಶ್ ಕ್ರೆಡಿಟ್ ಸಾಲ. ಆಡಿಟರ್ ಹತ್ರ ಹೋಗಿ 'ಸರ್ ಸಬ್ಸಿಡಿ ಬರೋ ಥರ ಒಂದು ರಿಪೋರ್ಟ್ ಮಾಡ್ಕೊಡಿ' ಅಂತೀವಿ, ಅವರು ಶೆಡ್ಡಿನ ಖರ್ಚು ಉಬ್ಬಿಸಿ ಫೀಡಿನ ಖರ್ಚು ಕುಗ್ಗಿಸಿ ಚೆಂದ ಮಾಡ್ಕೊಡ್ತಾರೆ, ಮುಂದೆ ಅಳೋದು ನೀವು. ಬ್ಯಾಂಕಿನವರು ಸಿಸಿ ಕೊಡಲ್ಲ ಅಂದ್ರೆ 50 ಬೇಡ, 15 ಹಂದಿಯಿಂದ ಶುರು ಮಾಡಿ, ಸಬ್ಸಿಡಿ ಹೋದ್ರೆ ಹೋಗ್ಲಿ. ಇದನ್ನ ನಾನು ತುಂಬಾ ಯೋಚನೆ ಮಾಡಿನೇ ಹೇಳ್ತಿರೋದು.

ಈಗ ಎರಡನೇ ಭಾಗ, ನಿಮ್ಮಲ್ಲಿ ಸುಮಾರು ಜನಕ್ಕೆ ಆಸೆ ಇರೋದು ಇದರ ಮೇಲೇ ಅಂತ ಗೊತ್ತು. ನಾವೇ ಕಟಿಂಗ್ ಮಾಡಿ ನಾವೇ ಪ್ಯಾಕ್ ಮಾಡಿ ಮಾರೋಣ, ವ್ಯಾಪಾರಿ ಯಾಕೆ ಮಧ್ಯ. ಆಸೆ ತಪ್ಪಲ್ಲ. 90 ಕೆಜಿ ಹಂದೀಲಿ ಮಾಂಸ ಎಪ್ಪತ್ತು ಪರ್ಸೆಂಟ್ ಹಿಡಿದ್ರೂ 63 ಕೆಜಿ, ಜೀವಂತ ತೂಕಕ್ಕೆ 150, ಮಾಂಸಕ್ಕೆ 300 ರೂಪಾಯಿ ಅಂತ ಹಿಡಿದ್ರೆ ಒಂದು ಹಂದಿಗೆ ಐದು ಸಾವಿರ ಚಿಲ್ಲರೆ ಜಾಸ್ತಿ ಕಾಣುತ್ತೆ. ಕೊಡಗಲ್ಲಿ ಪಂದಿ ಕರಿ ಇಲ್ಲದೆ ಮದುವೆ ಇಲ್ಲ, ಮಂಗಳೂರು ಕಡೆ ಕ್ರಿಶ್ಚಿಯನ್ ಮನೆಗಳಲ್ಲಿ ಬಫಾತ್ ಇಲ್ಲದೆ ಹಬ್ಬ ಇಲ್ಲ, ಬೆಂಗಳೂರಲ್ಲಿ ಈಶಾನ್ಯದ ಹುಡುಗ್ರು ಹುಡುಗೀರು ಎಷ್ಟೋ ಜನ ಇದಾರೆ, ಗಿರಾಕಿ ಇಲ್ಲ ಅನ್ನೋ ಮಾತೇ ಇಲ್ಲ. ಕೊಡಗಿನ ಹುಳಿ ಕಾಚಂಪುಳಿ ಹಾಕಿ ಮಾಡೋರಿಗೆ ಚರ್ಮ ಕೊಬ್ಬು ಎಲ್ಲಾ ಸಮೇತ ಬೇಕು, ಸಾಸೇಜ್ ಮಾಡೋರಿಗೆ ಭುಜದ ಮಾಂಸ, ಬೇಕನ್‌ಗೆ ಹೊಟ್ಟೆ ಭಾಗ, ಯಾರಿಗೆ ಮಾರ್ತೀರ ಅನ್ನೋದರ ಮೇಲೆ ಮಷೀನು ಬದಲಾಗುತ್ತೆ. ಮೊದಲು ಗಿರಾಕಿ ಹಿಡೀರಿ, ಮಷೀನ್ ಕೊಟೇಶನ್ ಆಮೇಲೆ ತರಿಸಿ.

ಆದ್ರೆ ಪ್ಲಾಂಟ್ ಅನ್ನೋದು ಹಸಿದ ಹೊಟ್ಟೆ ಇದ್ದಂಗೆ, ದಿನಾ ತುಂಬಿಸ್ಬೇಕು. ದಿನಕ್ಕೆ 50 ಹಂದಿ ಕಡಿಯೋ ಪ್ಲಾಂಟ್ ಹಾಕಿದ್ರೆ ವರ್ಷಕ್ಕೆ 300 ದಿನಕ್ಕೆ 15,000 ಹಂದಿ ಬೇಕು. ನಮ್ಮ 50 ಹೆಣ್ಣು ಹಂದಿಯ ಫಾರ್ಮು ಎಲ್ಲಾ ಸರಿ ಇದ್ರೆ ವರ್ಷಕ್ಕೆ ಕೊಡೋದು 800. ಅಂದ್ರೆ ಅಂಥಾ ಹತ್ತೊಂಬತ್ತು ಫಾರ್ಮು ಸೇರಿದ್ರೆ ಒಂದು ಪ್ಲಾಂಟಿನ ಹೊಟ್ಟೆ ತುಂಬುತ್ತೆ. ಒಬ್ಬನೇ ಹಾಕಿದ್ರೆ ವರ್ಷಕ್ಕೆ ಹದಿನಾರು ದಿನವಷ್ಟೇ ಮಷೀನ್ ಓಡುತ್ತೆ, ಮಾಂಸ ತಣ್ಣಗಿಡೋ ಚಿಲ್ಲರ್ ಮಾತ್ರ ಇಪ್ಪತ್ತನಾಲ್ಕು ಗಂಟೆ ಓಡ್ತಿರುತ್ತೆ, ಕರೆಂಟ್ ಹೋದ್ರೆ ಜನರೇಟರು. ನಮ್ಮ ದೇಶದಲ್ಲಿ ಇದು ಮೊದಲೇ ಆಗಿದೆ. ಸರ್ಕಾರವೇ ಹಿಂದೆ ಬೇಕನ್ ಫ್ಯಾಕ್ಟರಿಗಳನ್ನ ಕಟ್ಟಿಸ್ತು, ರಾಂಚಿಯಲ್ಲಿ, ಆಂಧ್ರದ ಗನ್ನವರಂನಲ್ಲಿ, ಕಟ್ಟಡ ಮಷೀನು ಎಲ್ಲಾ ಇತ್ತು, ಅವೆರಡೂ ಬಾಗಿಲು ಹಾಕಿದ್ವು. ಕೇರಳದ ಕೂತ್ತಾಟ್ಟುಕುಳಂನಲ್ಲಿ ಮೀಟ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಉಳ್ಕೊಂಡಿದೆ, ಅಲ್ಲಿ ಸುತ್ತಮುತ್ತ ತಿನ್ನೋರೂ ಇದಾರೆ ಸಾಕೋರೂ ಇದಾರೆ.

ಹಾಗಾದ್ರೆ ದಾರಿ ಏನು? ಒಟ್ಟಿಗೆ ಹೋಗೋದು. ಪಶುಸಂಗೋಪನೆ ಮೂಲಸೌಕರ್ಯ ನಿಧಿ ಅಂತ 2020ರಲ್ಲಿ 15,000 ಕೋಟಿಗೆ ಶುರು ಮಾಡಿದ್ರು, 2024ರಲ್ಲಿ ಡೈರಿ ನಿಧಿಯನ್ನೂ ಇದಕ್ಕೇ ಸೇರಿಸಿ 29,610 ಕೋಟಿ ಮಾಡಿ 2025-26ರವರೆಗೆ ವಿಸ್ತರಿಸಿದ್ರು. ಮಾಂಸ ಸಂಸ್ಕರಣೆ, ಫೀಡ್ ಪ್ಲಾಂಟ್ ಎರಡೂ ಇದರಲ್ಲಿ ಬರುತ್ತೆ, ಬಡ್ಡೀಲಿ 3 ಪರ್ಸೆಂಟ್ ಕಡಿತ, ಸಣ್ಣ ಘಟಕಕ್ಕೆ 90 ಪರ್ಸೆಂಟ್‌ವರೆಗೆ ಸಾಲ, ಮರುಪಾವತಿಗೆ ಎಂಟು ವರ್ಷ, ಅದರಲ್ಲಿ ಮೊದಲ ಎರಡು ವರ್ಷ ಅಸಲು ಕಟ್ಟಬೇಕಿಲ್ಲ. ನೋಡಿ, ಎರಡು ವರ್ಷ, ಇದು ಹಂದಿಯ ಕಾಲಕ್ಕೆ ಹೊಂದುತ್ತೆ. ರೈತ ಉತ್ಪಾದಕ ಸಂಸ್ಥೆಗಳೂ ಇದಕ್ಕೆ ಅರ್ಜಿ ಹಾಕಬಹುದು. ಸಾಸೇಜು, ಉಪ್ಪಿನಕಾಯಿ ಅಂತ ಮನೆ ಮಟ್ಟದ ಯೂನಿಟ್ ಮಾಡೋರಿಗೆ ಪಿಎಂಎಫ್‌ಎಂಇ, ಅಂದ್ರೆ ಸಣ್ಣ ಆಹಾರ ಘಟಕಗಳ ಸ್ಕೀಮು ಇದೆ, ಅದರ 35 ಪರ್ಸೆಂಟ್ ಸಬ್ಸಿಡಿ ಜೊತೆ ನಮ್ಮ ರಾಜ್ಯದವರು 15 ಸೇರಿಸ್ತಾರೆ.

ಮೇಘಾಲಯದವರು ಮಾಡಿದ್ದು ನೋಡಿ. ಅಲ್ಲಿ ಹಂದಿ ಮಾಂಸ ಬಹಳ ಜನ ತಿಂತಾರೆ, ಆದ್ರೂ ಹೊರ ರಾಜ್ಯದಿಂದ ಹಂದಿ ತರಿಸಬೇಕಾಗಿತ್ತು. ಪಿಗರಿ ಮಿಷನ್ ಅಂತ ಮಾಡಿ ಎನ್‌ಸಿಡಿಸಿಯಿಂದ, ಅಂದ್ರೆ ಸಹಕಾರ ಅಭಿವೃದ್ಧಿ ನಿಗಮದಿಂದ, 209 ಕೋಟಿಯ ಯೋಜನೆ ತಂದ್ರು, ದುಡ್ಡು ಸಹಕಾರ ಸಂಘಗಳ ಮೂಲಕ, ಮರಿ ಮಾಡೋರು ಬೇರೆ, ಬೆಳೆಸೋರು ಬೇರೆ. ನನಗೆ ಇಷ್ಟ ಆಗಿದ್ದು ಆ ಬೇರೆ ಬೇರೆ ಮಾಡಿದ್ದು. ಜಾಗ ಇಲ್ಲದೋರು, ತಲೆತಲಾಂತರದಿಂದ ಹಂದಿ ಸಾಕ್ತಾ ಬಂದ ಜನ ನಮ್ಮಲ್ಲೂ ಇದಾರೆ, ಪಹಣಿ ಇಲ್ಲ ಅಂತ ಬ್ಯಾಂಕಿನ ಬಾಗಿಲಿಂದ ವಾಪಸ್ ಕಳಿಸ್ತೀವಿ, ಅಂಥೋರು ಹತ್ತು ಮರಿ ತಗೊಂಡು ಬೆಳೆಸಿ ಸಂಘಕ್ಕೆ ಕೊಡೋ ವ್ಯವಸ್ಥೆ ಇದ್ರೆ ಅವರ ಕಸುಬು ಉಳಿಯುತ್ತೆ. ವಿದೇಶದಲ್ಲೂ ದೊಡ್ಡ ದುಡ್ಡು ಹೋಗೋದು ಎಲ್ಲಾ ಜೋಡಿಸಿದ ಬಿಸಿನೆಸ್ಸಿಗೇ. ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿ 2022ರಲ್ಲಿ ವಿಯೆಟ್ನಾಂನ ಬಿಎಎಫ್ ಅನ್ನೋ ಕಂಪನಿಗೆ ಅಲ್ಲಿನ ದುಡ್ಡಲ್ಲಿ 900 ಬಿಲಿಯನ್ ಡಾಂಗ್ ಬಾಂಡ್ ಮೂಲಕ ಹಾಕ್ತು, ಫೀಡ್, ಫಾರ್ಮು, ಮಾಂಸ ಮೂರೂ ಅವರದೇ.

ವಿಯೆಟ್ನಾಂ ಅಂದಾಗ ಆಫ್ರಿಕನ್ ಹಂದಿ ಜ್ವರ ನೆನಪಾಗುತ್ತೆ. 2019ರಲ್ಲಿ ಅಲ್ಲಿಗೆ ಬಂತು, ಒಂದೇ ವರ್ಷದಲ್ಲಿ 60 ಲಕ್ಷದಷ್ಟು ಹಂದಿ ಹೋದ್ವು. ನಮ್ಮ ದೇಶಕ್ಕೆ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಬಂತು, 2022ರಲ್ಲಿ ವಯನಾಡಿಗೆ, ಅಂದ್ರೆ ನಮ್ಮ ಕೊಡಗಿನ ಗಡಿಯ ಕುಟ್ಟದ ಆಚೆ ಬದಿಗೆ. ಮನುಷ್ಯರಿಗೆ ಬರಲ್ಲ, ಆದ್ರೆ ಶೆಡ್ಡಿಗೆ ಹೊಕ್ಕರೆ ಸಾಲ ಮಾತ್ರ ಉಳಿಯುತ್ತೆ. ಹೋಟೆಲ್ ವೇಸ್ಟ್ ಅಗ್ಗ ಅಂತ ಬೇಯಿಸದೆ ಹಾಕೋದು ಇದನ್ನ ಮನೆಗೆ ಕರ್ದಂಗೆ, ವೈರಸ್ಸು ಫ್ರೀಜ್ ಆದ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕಿರುತ್ತೆ. ಹಾಕೋದಾದ್ರೆ ಚೆನ್ನಾಗಿ ಕುದಿಸಿ ಹಾಕಿ, ಕಟ್ಟಿಗೆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ವ್ಯಾಪಾರಿ ಗಾಡಿ ಗೇಟಿನ ಹೊರಗೇ ನಿಲ್ಲಲಿ, ಅವರು ಹತ್ತು ಫಾರ್ಮು ಸುತ್ತಿ ಬಂದಿರ್ತಾರೆ. ಸುತ್ತ ಬೇಲಿ, ಗೇಟಲ್ಲಿ ಟೈರ್ ಮುಳುಗೋ ಗುಂಡಿ, ಹೊಸ ಹಂದಿಗೆ ಬೇರೆ ಕೋಣೆ, ಇವನ್ನೆಲ್ಲ ಪ್ರಾಜೆಕ್ಟ್ ಕಾಸ್ಟಲ್ಲೇ ತೋರಿಸಿ, ಸಾಲದಲ್ಲೇ ಬರ್ಲಿ. ಇನ್ಶೂರೆನ್ಸ್ ಪ್ರೀಮಿಯಂನಲ್ಲಿ ಎನ್‌ಎಲ್‌ಎಂ ಅಡಿಯಲ್ಲಿ ರೈತರ ಪಾಲು 15 ಪರ್ಸೆಂಟ್ ಮಾಡಿದಾರೆ, ಮಾಡಿಸಿ, ಆದ್ರೆ ಸಹಿ ಹಾಕೋ ಮುಂಚೆ ಯಾವ ರೋಗ ಸೇರಿದೆ ಯಾವುದು ಬಿಟ್ಟಿದಾರೆ ಅಂತ ಓದಿಸಿ ಕೇಳಿ.

ಲೈಸೆನ್ಸಿನ ವಿಷಯ ಬೇಗ ಮುಗಿಸ್ತೀನಿ, ಊಟದ ಟೈಮಾಯ್ತು. ಪಂಚಾಯಿತಿ, ಮಾಲಿನ್ಯ ನಿಯಂತ್ರಣ ಮಂಡಳಿ, ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ, ಮೂರೂ ಬೇಕು, ಕಸಾಯಿಖಾನೆ ರೆಡ್ ಕ್ಯಾಟಗರಿ, ಅಂದ್ರೆ ಹೆಚ್ಚು ಮಾಲಿನ್ಯದ ಪಟ್ಟಿಯಲ್ಲಿದೆ, ಮಂಡಳಿ ಒಪ್ಪಿಗೆ ಇಲ್ಲದೆ ಬುನಾದಿ ತೋಡಬೇಡಿ. ಗೊಬ್ಬರದ ನೀರು ಪಕ್ಕದ ಗದ್ದೆಗೆ ಹೋದ್ರೆ ಮೊದಲ ಅರ್ಜಿ ಪಕ್ಕದ ಮನೆಯವರಿಂದಲೇ ಬರುತ್ತೆ, ಬಯೋಗ್ಯಾಸ್ ಗುಂಡಿ ಮೊದಲ ದಿನವೇ ಮಾಡ್ಸಿ.

ಈಗ ನಿಮ್ಮ ಸಂಘದೋರು ಜಂಟಿ ಪ್ಲಾಂಟಿನ ಬಗ್ಗೆ ಸಭೆ ಕರೀತಾರಂತೆ. ಆ ಸಭೆಗೆ ಬರೋವಾಗ ಪಹಣಿ ಆಧಾರ್ ಬೇಡ, ಒಬ್ಬೊಬ್ಬರೂ ಒಂದು ಹಾಳೆ ತನ್ನಿ. ಯಾವ ಹಂದಿಗೆ ಯಾವತ್ತು ಕ್ರಾಸಿಂಗ್ ಆಗಿದೆ, ಯಾವ ತಿಂಗಳು ಎಷ್ಟು ಹಂದಿ ತೂಕಕ್ಕೆ ಬರುತ್ತೆ, ಅಲ್ಲೀವರೆಗೆ ಫೀಡಿಗೆ ಎಷ್ಟು ದುಡ್ಡು ಬೇಕು, ಇಷ್ಟೇ. ಎಲ್ಲರ ಹಾಳೆ ಜೋಡಿಸಿದ್ರೆ ವಾರಕ್ಕೆ ಎಷ್ಟು ಹಂದಿ ಅಂತ ಗೊತ್ತಾಗುತ್ತೆ, ಪ್ಲಾಂಟ್ ಎಷ್ಟು ದೊಡ್ಡದು ಬೇಕು, ಕಂತು ಯಾವ ತಿಂಗಳಿಂದ ಕೇಳ್ಬೇಕು ಅಂತಾನೂ ಅದರಲ್ಲೇ ಬರುತ್ತೆ. ಬ್ಯಾಂಕಿಗೆ ಹೋಗೋವಾಗ ನಾನೂ ಜೊತೆಗೆ ಬರ್ತೀನಿ.